ಶ್ರುತಿ ಇಳಿಸಿದವರು ಯಾರು

ವಿಶ್ವವಿದ್ಯಾಲಯದ ಆ ತಂಡ ವಾದ್ಯವೇ ಇಲ್ಲದೆ ಹಾಡುತ್ತಿತ್ತು. ತಂಬೂರಿಯೂ ಇಲ್ಲ, ಬರೀ ಕಂಠ. ನಾಯಕಿ ಸುನೇತ್ರಾ ಮೊಬೈಲಿನಲ್ಲಿ ಶ್ರುತಿ ಕೇಳಿಸಿ, ಎಲ್ಲರಿಗಿಂತ ಮುಂದೆ ನಿಂತು ಗಟ್ಟಿಯಾಗಿ ಹಾಡುತ್ತಿದ್ದಳು. ಹಾಡು ಮುಗಿದ ಮೇಲೆ ಮತ್ತೆ ಒತ್ತಿ ನೋಡಿದರೆ ಇಡೀ ತಂಡ ಕೆಳಗಿಳಿದಿರುತ್ತಿತ್ತು. ದಿನಾ ಇದೇ ಗೋಳು. ಬೈದು, ಬೇಡಿಕೊಂಡು, ಎಲ್ಲರಿಗೂ ಬಿಸಿನೀರು ಕುಡಿಸಿ ಅವಳು ಸೋತುಹೋಗಿದ್ದಳು.

"ಗುರುಬಸು, ಶ್ರುತಿ ಕೆಳಗ ಎಳ್ಯಾಂವ ನೀನ. ನಾಳಿಂದ ಬರಬ್ಯಾಡ," ಎಂದಳು ಒಂದು ಸಂಜೆ.

ಹುಡುಗ ಚೀಲ ಹೆಗಲಿಗೇರಿಸಿ ಹೊರಟ. ಉಳಿದವರು ನೆಲ ನೋಡಿದರು.

ಅವನಿಲ್ಲದೆಯೂ ಶ್ರುತಿ ಇಳಿಯಿತು. ಸ್ಪರ್ಧೆ ಹತ್ತಿರ ಬಂತು. ಕೂಗಿ ಕೂಗಿ ಸುನೇತ್ರಾಳ ಗಂಟಲೂ ಕಟ್ಟಿತು. ಬೇರೆ ದಾರಿ ಕಾಣದೆ ಅವನನ್ನೇ ವಾಪಸು ಕರೆಸಿ, ತಾನು ಬಿಸಿನೀರಿನ ಲೋಟ ಹಿಡಿದು ಎದುರಿಗೆ ಸುಮ್ಮನೆ ಕೂತಳು.

ಹಾಡು ಮುಗಿಯಿತು. ಮೊಬೈಲ್ ಒತ್ತಿದಳು. ಶ್ರುತಿ ಕೂದಲೆಳೆಯಷ್ಟೂ ಕದಲಿರಲಿಲ್ಲ. ಮತ್ತೊಮ್ಮೆ ಹಾಡಿಸಿದಳು. ಆಗಲೂ ಅಷ್ಟೇ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರಿಗೂ ಆಶ್ಚರ್ಯವಾದಂತೆಯೂ ಕಾಣಲಿಲ್ಲ.

"ಸ್ಪರ್ಧಾ ನಾಡದು ಅದ," ಎಂದು ಅವಳು ಪಿಸುಗುಟ್ಟಿದಳು. "ಅಷ್ಟೊತ್ತಿಗೆ ನನ್ನ ಗಂಟಲಾ ಆರಾಮಾಗ್ತದ."

ಗುರುಬಸು ಅವಳ ಕೈಯಲ್ಲಿದ್ದ ಬಿಸಿನೀರಿನ ಲೋಟವನ್ನು ಮೆಲ್ಲಗೆ ಇಸಿದುಕೊಂಡ.

"ಸಾವಕಾಶ ಆಗಲಿ ಬಿಡ್ರಿ ಅಕ್ಕಾರ, ಅವಸರೇನಿಲ್ಲ."