ಹನ್ನೊಂದು ತೂತು

ಕೊನೆಯ ಗಂಟು ಹಾಕಿ ದಾರ ಕತ್ತರಿಸಿದ ಮೇಲೆಯೇ ದಿಂಬು ಹೊಲಿಯುವಾಕೆಗೆ ಹೊಳೆದದ್ದು, ತಾನು ಮಾಡಿದ ಚರ್ಮದ ಕನ್ನಡಕದ ಚೀಲಕ್ಕೆ ಬಾಯಿಯೇ ಇಲ್ಲ ಅಂತ. ಮೂವತ್ತು ವರ್ಷ ದಿಂಬು ಹೊಲಿದ ಕೈ, ಮೂರು ಬದಿ ಮುಗಿಸಿ ತೆಪ್ಪಗಿರದೆ ನಾಲ್ಕನೆಯದನ್ನೂ ಹೊಲಿದು ಮುಚ್ಚಿಬಿಟ್ಟಿತ್ತು.

ಬಿಚ್ಚಿದರಾಯಿತು ಎಂದುಕೊಂಡು ಆ ಬದಿಯ ದಾರ ಬಿಚ್ಚಿದಳು. ಬಟ್ಟೆಯಾಗಿದ್ದರೆ ಉಗುರಿನಿಂದ ನಾಲ್ಕು ಸಲ ಉಜ್ಜಿದರೆ ತೂತು ಮುಚ್ಚಿಕೊಳ್ಳುತ್ತಿತ್ತು. ಇದು ಚರ್ಮ. ಸುತ್ತಿಗೆಯಿಂದ ಬಡಿದು ತಾನೇ ಕೊರೆದಿದ್ದ ಹನ್ನೊಂದು ತೂತು ಬಾಯಿಯ ಅಂಚಿನಲ್ಲಿ ಸಾಲಾಗಿ ಕೂತು ಹಲ್ಲು ಕಿರಿಯುತ್ತಿದ್ದವು. ಎರಡು ವಾರ ಚರ್ಮದ ಕೆಲಸ ಕಲಿತು ಮಾಡಿದ ಮೊದಲ ವಸ್ತು! ಬಚ್ಚಿಡೋಣವೆಂದರೆ ಗಂಡ ಆಗಲೇ ಎದುರಿಗೆ ಬಂದು ಕೂತು, "ಎಲ್ಲಿ, ಕೊಡು ನೋಡೋಣ" ಎಂದು ಕೈ ಚಾಚಿದ್ದ.

ತುಟಿ ಕಚ್ಚಿಕೊಂಡು ಕೊಟ್ಟಳು. ಅವನು ಕನ್ನಡಕ ತೆಗೆದ. ಅದು ಇಳಿಯಿತೆಂದರೆ ಅವನಿಗೆ ಹೆಂಡತಿಯ ಮುಖವೂ ಮಬ್ಬು. ಚೀಲವನ್ನು ಒಮ್ಮೆ ತಿರುಗಿಸಿದ. ಹೆಬ್ಬೆರಳು ತೂತುಗಳ ಸಾಲಿಗೆ ತಾಗಿದ್ದೇ ತಡ, ಕನ್ನಡಕ ಸರಕ್ಕನೆ ಒಳಗೆ ಹೋಯಿತು. ತೆಗೆದ. ಮತ್ತೆ ಹಾಕಿದ. ಮಕ್ಕಳ ಹಾಗೆ ಇನ್ನೊಮ್ಮೆ ತೆಗೆದ.

"ಅಲ್ವೇ, ಹಳೇ ಡಬ್ಬಿ ಯಾವ ಕಡೆ ತೆಗೀಬೇಕು ಅಂತ ನೋಡೋಕೇ ಕನ್ನಡಕ ಬೇಕಾಗ್ತಿತ್ತು. ಇದು ಬೆರಳಿಗೇ ಗೊತ್ತಾಗುತ್ತೆ! ಈ ಉಪಾಯ ಹೇಗೆ ಹೊಳೀತೇ ನಿಂಗೆ?"

ಅವಳು ಬಿಚ್ಚಿದ ದಾರವನ್ನು ಮೆಲ್ಲಗೆ ಮುಷ್ಟಿಯೊಳಗೆ ಮುದುರಿದಳು.

"ಮತ್ತೆ? ಮೂವತ್ತು ವರ್ಷ ಪಳಗಿದ ಕೈ ರೀ ಇದು."