ಕಪ್ಪಿನ ತುಂಬ ಶೇಂಗಾ ಉಂಡಿ

ಶಾಲೆ ಬಿಟ್ಟಾಗಿನಿಂದ ನಾನು ದುಡಿಯುತ್ತಿರುವ ಕಿವಿಹಣ್ಣು ಪೆಟ್ಟಿಗೆಗೆ ತುಂಬುವ ಪ್ಯಾಕ್‌ಹೌಸಿನಲ್ಲಿ ಚಹಾಕ್ಕೆ ಕೂತಾಗ ಯಾರಾದರೂ ಹುರಿದ ಶೇಂಗಾದ ಡಬ್ಬಿ ತೆರೆದರೆ, ಟೌರಂಗಾ ಊರಿನ ಮೈದಾನದ ಆ ಮಧ್ಯಾಹ್ನ ಮೂಗಿಗೆ ಹತ್ತುತ್ತದೆ.

ಚೆಂಡನ್ನು ಕೈಯಲ್ಲೂ ಹಿಡಿಯುವ, ಕಾಲಲ್ಲೂ ಒದೆಯುವ ಐರಿಶ್ ಫುಟ್‌ಬಾಲ್ ಆಗ ನಾನು ಆಡುತ್ತಿದ್ದ ಆಟ. ಹಿಂದಿನ ವರ್ಷ ಮಕ್ಕಳ ಚಾಂಪಿಯನ್‌ಶಿಪ್ ಗೆದ್ದದ್ದು ನಮ್ಮ ತಂಡವೇ. ಕಪ್ ಆಟಗಾರರ ಮನೆಮನೆ ಸುತ್ತಿ ಕೊನೆಗೆ ನಮ್ಮಲ್ಲಿಗೆ ಬಂದಿತ್ತು. ಹೊಸ ಫೈನಲ್ಲಿನ ದಿನ ಅದನ್ನು ಹಿಂದಿರುಗಿಸಬೇಕಿತ್ತು. ಹೊರಡುವಾಗ ನೋಡಿದರೆ, ಅವ್ವ ಅದರ ತುಂಬ ಶೇಂಗಾ ಉಂಡಿ ಇಟ್ಟಿದ್ದಳು.

“ಮಮ್, ನೋ. ಎಲ್ಲಾರೂ ನಗ್ತಾರ.”

“ನಕ್ಕರ ನಗಲಿ. ಮಂದಿ ಭಾಂಡೆ ಖಾಲಿ ಹೆಂಗ ಕೊಡೂದು?”

ಮೈದಾನದಲ್ಲಿ ಗೆಳೆಯರು ಮುಸಿಮುಸಿ ನಕ್ಕರು. ನಾನು ತಲೆ ಎತ್ತಲಿಲ್ಲ. ಐರ್ಲೆಂಡಿನಿಂದ ಬಂದಿದ್ದ ನಮ್ಮ ಮುದಿ ಕೋಚ್ ಕಪ್ಪಿನೊಳಗೆ ಇಣುಕಿ ಒಂದು ಉಂಡಿ ಕೈಗೆತ್ತಿಕೊಂಡರು. ಆಮೇಲೆ ಎರಡೂ ತಂಡಗಳನ್ನು ಹತ್ತಿರ ಕರೆದರು.

“ಈ ಪಂದ್ಯಾವಳಿ ಮೊದಲ ಸಲ ಶುರುವಾದಾಗ ಕಪ್ ಎಲ್ಲಿತ್ತು? ಹಸು ಮೇಯುವ ಹುಲ್ಲುಗಾವಲಲ್ಲಿ ಆಡಿಸಿದೆವು. ನನ್ನ ಹೆಂಡತಿ ದೊಡ್ಡ ಕೆಟಲ್ ತುಂಬ ಬಿಸ್ಕತ್ತು ಹಾಕಿ ಗೆದ್ದವರಿಗೆ ಕೊಟ್ಟಳು. ಅವರು ಸೋತವರಿಗೂ ಹಂಚಿದರು. ಕಪ್ ಬಂದ ಮೇಲೆ ಆ ರೂಢಿ ಹೋಯಿತು, ಇದು ಖಾಲಿಯೇ ತಿರುಗುತ್ತಿತ್ತು.”

ಅವ್ವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. “ಏನಂತಾರ?” ಎಂದಳು.

“ಅವ್ರೂ ಖಾಲಿ ಕೊಡ್ತಿರ್ಲಿಲ್ಲಂತ, ಅವ್ವ,” ಎಂದೆ, ಗೆಳೆಯರಿಗೆಲ್ಲ ಕೇಳುವಂತೆ.

ಆ ದಿನ ನಾವು ಸೋತೆವು. ಕಪ್ ಎತ್ತಿಕೊಂಡ ಹ್ಯಾಮಿಲ್ಟನ್ ಊರಿನ ತಂಡದ ಹುಡುಗನ ತಾಯಿ, ತುಟಿಗೆ ಅಂಟಿದ ಬೆಲ್ಲ ಒರೆಸಿಕೊಳ್ಳುತ್ತ, ಮುಂದಿನ ವರ್ಷ ತಾನೇನು ತುಂಬಿ ತರಬೇಕೆಂದು ಅವ್ವನನ್ನು ಕೇಳಿದಳು.

“ನಿಮ್ಮನ್ಯಾಗ ಏನ್ ಮಾಡ್ತೀರಿ, ಅದನ್ನ ತುಂಬ್ರಿ.”

ಅದನ್ನೂ ನಾನೇ ಇಂಗ್ಲಿಷಿನಲ್ಲಿ ಹೇಳಿದೆ, ತಲೆ ಎತ್ತಿ.