ನೇಮಕಲ್ಲಿನ ಹರಕೆ

“ಯಾಕ ಸೋತ್ವಿ ಅಂತ ಮ್ಯಾಲಿನವರು ಕೇಳ್ಯಾರ್ರಿ,” ಎನ್ನುತ್ತಲೇ ಎರ್ರಿಸ್ವಾಮಿ ಪಡಸಾಲೆಯ ಕುರ್ಚಿಯಲ್ಲಿ ಕುಳಿತ. ಇದನ್ನು ಕೇಳಲಿಕ್ಕೆಂದೇ ಪಕ್ಷ ಅವನನ್ನು ರಾಯದುರ್ಗದಿಂದ ಕಳಿಸಿತ್ತು. “ಸರ್ಕಾರ ನಮ್ದು, ಎಮ್ಮೆಲ್ಯೆ ನಮ್ಮವರು. ಮಂಡಲ ಪರಿಷತ್ ಪೂರಾ ನಮ್ದೇ ಅಂದುಕೊಂಡ್ರ ಅರ್ಧ ಸೀಟೂ ಬರಲಿಲ್ಲ. ನೀವೂ ಸೋತ್ರಿ!”

ಮರುಳಸಿದ್ದಪ್ಪ ಟವಲಿನಿಂದ ಮುಖ ಒರೆಸಿಕೊಂಡ. ಇವತ್ತು ಒಪ್ಪುವಂಥ ಕಾರಣ ಹೇಳದಿದ್ದರೆ ತನ್ನ ಕೈಲಿರುವ ಮಂಡಲದ ಪಕ್ಷಾಧ್ಯಕ್ಷನ ಪಟ್ಟ ಪಕ್ಕದೂರಿನ ಕದರಪ್ಪನ ಪಾಲು. ಆ ಪುಣ್ಯಾತ್ಮ ಆಗಲೇ ಬಿಳಿ ಅಂಗಿ ಇಸ್ತ್ರಿ ಮಾಡಿಸಿಟ್ಟು ಕಾಯುತ್ತಿದ್ದಾನಂತೆ. ಇಷ್ಟು ವರ್ಷ ಜೆಂಡಾ ಹೊತ್ತವನ ಹೊಟ್ಟೆ ಉರಿಯದೆ ಇರುತ್ತದೆಯೇ?

“ಗಾಳಿ ತಿರುಗೈತ್ರಿ. ಪಿಂಚಣಿ ಕೆಲವರಿಗೆ ನಿಂತೈತಿ, ರಸ್ತಾ ಅರ್ಧಕ್ಕ ನಿಂತೈತಿ. ಸರ್ಕಾರ ಬಂದು ಎರಡು ವರ್ಷ ಆದ್ರ ಜನಕ್ಕ ಸಿಟ್ಟು ಬರೋದೇ.”

“ಸಿಟ್ಟು ಬಂದಿದ್ರ ಎದುರು ಪಾರ್ಟಿಗೆ ಓಟು ಹೆಚ್ಚಬೇಕಿತ್ತಲ್ರಿ? ಅವರಿಗೆ ಹೋದ ಸಲ ಬಿದ್ದಷ್ಟೇ ಬಿದ್ದಾವ. ನಮ್ಮವೇ ಕಮ್ಮಿ. ಅದೂ ನಿಮ್ಮ ಓಣಿ ಬೂತಿನಾಗ!”

ಓಟಿನ ದಿನವಿಡೀ ಮರುಳಸಿದ್ದಪ್ಪ ಬೇರೆ ಹಳ್ಳಿಯ ಬೂತುಗಳ ಮುಂದೆ ಕೈ ಮುಗಿದು ನಿಂತಿದ್ದ. ಸ್ವಂತ ಓಣಿಯ ಓಟು ಕಟ್ಟಿಟ್ಟ ಬುತ್ತಿ ಎಂದು ಈ ಕಡೆ ತಲೆಯನ್ನೇ ಹಾಕಿರಲಿಲ್ಲ. “ಹಂಗಾದ್ರ ಕದರಪ್ಪನೇ ನಮ್ಮೋರನ್ನ ತಡದಾನ್ರಿ,” ಎಂದುಬಿಟ್ಟ.

ಅಷ್ಟರಲ್ಲಿ ಹೆಂಡತಿ ಕೊಟ್ರಮ್ಮ ಮಂಡಕ್ಕಿ, ಕಾಯಿ ಚೂರು ತಂದಿಟ್ಟಳು.

“ಏನ್ರಮ್ಮ, ಈ ಓಣಿಗೆ ಕಾಲಿಟ್ಟಾಗಿಂದ ಎಲ್ಲರ ಮನ್ಯಾಗೂ ಕಾಯಿನೇ ಕೊಡಾಕತ್ಯಾರಲ್ಲ?” ಎಂದ ಎರ್ರಿಸ್ವಾಮಿ.

“ನೇಮಕಲ್ಲಿನ ಹನುಮಪ್ಪನ ಪ್ರಸಾದ ರೀ. ಇವರು ಗೆದ್ರ ಓಣಿಯವರೆಲ್ಲ ಬಂದು ಕಾಯಿ ಒಡಸ್ತೀವಿ ಅಂತ ಹರಕಿ ಹೊತ್ತಿದ್ವಿ. ಮಂಗಳವಾರ ಹೋಗಿ ತೀರಿಸಿದ್ವಿ.”

“ಮಂಗಳವಾರ ಓಟಿತ್ತಲ್ಲ!” ಮರುಳಸಿದ್ದಪ್ಪ ಕುರ್ಚಿಯಿಂದೆದ್ದ.

“ಹೌದು. ದೇವರ ವಾರ, ಓಟಿನ ರಜಾ ಬ್ಯಾರೆ, ಓಣಿಯವರೆಲ್ಲ ಮನ್ಯಾಗಿದ್ರು. ಓಟಿಗೆ ಅಂತ ನೀವಿಟ್ಟ ಟ್ರ್ಯಾಕ್ಟರೂ ಬಾಗಿಲಾಗ ನಿಂತಿತ್ತು. ಗುಡ್ಯಾಗ ಏನು ಜನ ಅಂತೀರಿ! ವಾಪಸ್ ಬರೋದ್ರಾಗ ಓಟು ಮುಗದಿತ್ತು.”

“ಅಯ್ಯೋ, ಗೆಲ್ಲೋಕ್ಕಿಂತ ಮೊದಲೇ ಹರಕಿ ತೀರಸ್ತಾರೇನ?”

“ಹಿಂದಿನ ದಿನ ಊಟಕ್ಕ ಕುಂತಾಗ ಏನಂದ್ರಿ? ‘ಗೆದ್ದಾತು, ನಾಳಿನ ಓಟು ಬರೇ ಶಾಸ್ತ್ರ’ ಅನ್ನಲಿಲ್ಲೇನು? ಮಾತು ನಂಬಿದ್ದು ನಮ್ಮ ತಪ್ಪಾ?” ಕೊಟ್ರಮ್ಮನಿಗೂ ಸಿಟ್ಟು ಬಂತು. “ನಾವೊಬ್ಬರೇ ಏನು? ಗುಡಿ ಮುಂದ ನಮ್ಮ ಪಾರ್ಟಿ ಜೆಂಡಾ ಕಟ್ಟಿದ ಟ್ರ್ಯಾಕ್ಟರು ನಿಲ್ಸಾಕ ಜಾಗ ಇರಲಿಲ್ಲ.”

ಎರ್ರಿಸ್ವಾಮಿ ಮಂಡಕ್ಕಿ ಹಿಡಿದ ಕೈಯನ್ನು ಹಾಗೇ ಇಳಿಸಿದ. ಮೇಲಿನವರಿಗೆ ಇದನ್ನು ಯಾವ ಬಾಯಿಂದ ಹೇಳುವುದೆಂದು ಅವನಿಗೆ ತೋಚಲಿಲ್ಲ.

ಮರುಳಸಿದ್ದಪ್ಪ ಮೆಲ್ಲಗೆ ಕೇಳಿದ: “ಕದರಪ್ಪನ ಟ್ರ್ಯಾಕ್ಟರು?”

“ಎಲ್ಲಕ್ಕಿಂತ ಮುಂದ ಅದೇ ನಿಂತಿತ್ತು.”

ಬೆಳಗಿನಿಂದ ಹನಿ ನೀರೂ ಮುಟ್ಟದಿದ್ದ ಮರುಳಸಿದ್ದಪ್ಪ ಮತ್ತೆ ಕುರ್ಚಿಯಲ್ಲಿ ಕೂತು ಒರಗಿ, ದೊಡ್ಡದೊಂದು ಕಾಯಿ ಚೂರು ಆರಿಸಿ ಬಾಯಿಗೆ ಹಾಕಿಕೊಂಡ.